ಕೂಡುವ ರೀತಿ ಸರಿಯಿಲ್ಲದವಳು

ನಾನು ಕುರ್ಚಿಯ ತುದಿಯಲ್ಲಿ ಕೂಡುತ್ತೇನೆ. ಬೆನ್ನು ನೆಟ್ಟಗೆ, ಎರಡೂ ಪಾದ ನೆಲಕ್ಕೆ ಊರಿ, ಮೊಳಕಾಲು ಅಗಲಿಸಿ. ಹಲ್ಲಿನ ವೈದ್ಯರ ಬಳಿ ಹೋದರೂ ಹಾಗೆಯೇ, ಮದುವೆ ಮನೆಯಲ್ಲೂ ಹಾಗೆಯೇ, ಸತ್ತವರ ಮನೆಗೆ ಮಾತಾಡಿಸಲು ಹೋದರೂ ಹಾಗೆಯೇ. ಮೊನ್ನೆ ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಮೆಂಟಿನ ಬೆಂಚಿನ ಮೇಲೆ ಹೀಗೆ ಕೂತಿದ್ದಾಗ ಪಕ್ಕದಲ್ಲಿದ್ದ ಹಿರಿಯ ಹೆಂಗಸೊಬ್ಬಳು, ಗುರುತಿಲ್ಲ ಪರಿಚಯವಿಲ್ಲ, ನನ್ನ ಮೊಳಕಾಲಿಗೆ ಮೆಲ್ಲಗೆ ಬಡಿದಳು.

“ಯವ್ವಾ, ಕಾಲು ಕೂಡಿಸ್ಕೊಂಡು ಕೂಡು. ಮಂದಿ ನೋಡಾಕತ್ತಾರ.”

“ನನ್ನ ನೌಕರಿನೇ ಹಿಂಗದರೀ ಯಮ್ಮಾ,” ಎಂದೆ.

“ಹಿಂಗ ಕೂಡೋದಕ್ಕೂ ಪಗಾರ ಕೊಡ್ತಾರೇನು?”

“ಕೊಡ್ತಾರ್ರೀ.”

“ಹಂಗಿದ್ರ ಕೂಡವ್ವಾ,” ಎಂದು ಆಕೆ ಆ ಕಡೆ ಮುಖ ತಿರುಗಿಸಿದಳು.

ಕೊಡುತ್ತಾರೆ, ಸುಳ್ಳಲ್ಲ. ನಾನು ಚೆಲೋ ಬಾರಿಸುತ್ತೇನೆ. ಮುಂಬೈಯ ಒಂದು ಪಾಶ್ಚಾತ್ಯ ವಾದ್ಯವೃಂದದಲ್ಲಿ ಅದೇ ನನ್ನ ಕೆಲಸ. ಚೆಲೋ ಎಂದರೇನೆಂದು ನಿಮಗೆ ಗೊತ್ತಿಲ್ಲದಿದ್ದರೆ ನಾಚಿಕೊಳ್ಳಬೇಡಿ. ಗೊತ್ತಿದೆಯೆಂದು ತಲೆಯಾಡಿಸುವವರಿಗಿಂತ ನೀವು ಎಷ್ಟೋ ವಾಸಿ. ಪಿಟೀಲಿನ ದೊಡ್ಡಕ್ಕ ಎಂದಿಟ್ಟುಕೊಳ್ಳಿ. ತಂಗಿಯನ್ನು ಭುಜದ ಮೇಲೆ ಹೊರಬಹುದು, ಈ ಅಕ್ಕನನ್ನು ಹೊರಲಾಗದು. ಬುಡದಲ್ಲಿರುವ ಕಬ್ಬಿಣದ ಮೊಳೆಯನ್ನು ನೆಲಕ್ಕೆ ಊರಿ, ಎರಡು ಮೊಳಕಾಲುಗಳ ನಡುವೆ ನಿಲ್ಲಿಸಿ, ಎದೆಗೆ ಒರಗಿಸಿಕೊಂಡು ಕಮಾನಿನಿಂದ ಎಳೆಯಬೇಕು. ಈ ವಾದ್ಯವನ್ನು ಮಾಡಿದವರು ಮೊದಲು ನಮ್ಮ ಮನೆತನದ ಹಿರಿಯರನ್ನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ.

ಹೆಸರಿನದು ಇನ್ನೊಂದು ಪೇಚು. ನಮ್ಮ ಕಡೆ ಚಲೋ ಎಂದರೆ ಒಳ್ಳೆಯದು.

“ಏನು ಬಾರಿಸ್ತೀ?”

“ಚೆಲೋ.”

“ಚಲೋ ಬಾರಿಸ್ತೀ, ತಿಳೀತು. ಏನು ಬಾರಿಸ್ತೀ ಅಂತ ಕೇಳಾಕತ್ತೇನಿ.”

ಬಂಧುಬಳಗದಲ್ಲಿ ಈ ಸಂಭಾಷಣೆ ಮಾಡದವರು ಯಾರೂ ಉಳಿದಿಲ್ಲ. ಪ್ರತಿಯೊಬ್ಬರೂ ಈ ಚಮತ್ಕಾರ ಲೋಕದಲ್ಲಿ ತಮಗೇ ಮೊದಲು ಹೊಳೆಯಿತೆಂಬಂತೆ ತೊಡೆ ತಟ್ಟಿ ನಗುತ್ತಾರೆ. ನಾನೂ ನಗುತ್ತೇನೆ. ನಗದಿದ್ದರೆ ಹುಡುಗಿಗೆ ಸೊಕ್ಕು ಎನ್ನುತ್ತಾರೆ. ನನ್ನ ತಲೆ ಅರ್ಧ ನೆರೆತಿದೆ. ನಮ್ಮವರ ಬೈಗುಳದಲ್ಲಿ ಮಾತ್ರ ನಾನು ಇನ್ನೂ ಹುಡುಗಿ.

ಇದೆಲ್ಲ ಶುರುವಾದದ್ದು ನನ್ನ ಗಂಟಲಿನಿಂದ. ಅಪ್ಪನಿಗೆ ಹುಮನಾಬಾದಿನಲ್ಲಿ ಬೇಳೆಕಾಳಿನ ಅಂಗಡಿ. ಹಿಂದೆ ಮನೆ, ಮುಂದೆ ಅಂಗಡಿ. ನಮ್ಮ ಹಾಸಿಗೆ, ಬಟ್ಟೆ, ಪಾಠದ ಪುಸ್ತಕ ಎಲ್ಲದಕ್ಕೂ ತೊಗರಿಯ ಧೂಳಿನ ವಾಸನೆ. ಗುರುವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಭಜನೆ ನಡೆಯುತ್ತಿತ್ತು. ನನಗೆ ಹಾಡುವ ಹುಚ್ಚು. ಆದರೆ ನನ್ನ ದನಿ ಹುಡುಗಿಯರ ದನಿಯಲ್ಲ, ದಪ್ಪ; ಎಲ್ಲರೂ ಮೇಲೇರಿದರೆ ನನ್ನದು ಬಾವಿಗಿಳಿಯುತ್ತಿತ್ತು. ಭಜನೆ ಹೇಳಿಕೊಡುತ್ತಿದ್ದ ಹೆಂಗಸು ಕೈಗೆ ತಾಳ ಕೊಟ್ಟು, “ನೀ ಬರೇ ಇದನ್ನ ಬಾರಿಸವ್ವಾ, ಬಾಯಿ ತೆಗೀಬ್ಯಾಡ,” ಎಂದಳು. ಅಂದು ಭಜನೆಗೆ ಬಂದಿದ್ದ ನಮ್ಮ ದೊಡ್ಡಪ್ಪ, “ಈ ಪೋರಿ ಗಂಟಲದಾಗ ಎಮ್ಮಿ ಕರಾ ಕೂತದ,” ಎಂದರು. ಎಲ್ಲರೂ ನಕ್ಕರು. ದೊಡ್ಡಪ್ಪ ಏನಂದರೂ ನಗುವುದು ನಮ್ಮ ಮನೆಯ ಪದ್ಧತಿಯಾಗಿತ್ತು.

ದೊಡ್ಡಪ್ಪನೆಂದರೆ ಅಪ್ಪನ ಅಣ್ಣ. ಬಸವಕಲ್ಯಾಣದಲ್ಲಿ ದೊಡ್ಡ ಬಟ್ಟೆ ಅಂಗಡಿ ಅವರದು. ಬಟ್ಟೆಯನ್ನು ಅಳೆದು ಕೊಡುತ್ತಿದ್ದರು, ಅಭಿಪ್ರಾಯವನ್ನು ಅಳೆಯದೆ ಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಹಸು ಕೊಳ್ಳಬೇಕೆ, ಗೋಡೆಗೆ ಯಾವ ಸುಣ್ಣ, ಅವ್ವನ ಕೆಮ್ಮಿಗೆ ಯಾವ ಔಷಧ, ಎಲ್ಲವೂ ಕಲ್ಯಾಣದಲ್ಲಿ ನಿರ್ಧಾರವಾಗಿ ಬಸ್ಸಿನಲ್ಲಿ ಹುಮನಾಬಾದಿಗೆ ಬರುತ್ತಿತ್ತು. ಅಪ್ಪ ಒಳ್ಳೆಯವನು. ಒಳ್ಳೆಯವನು ಎಂದರೆ ಅಣ್ಣನೆದುರು ಕುರ್ಚಿಯಲ್ಲಿ ಕೂಡದವನು.

ಕಾಲೇಜಿಗೆಂದು ನನ್ನನ್ನು ಹೈದರಾಬಾದಿಗೆ ಕಳಿಸಿದರು. ಹಾಸ್ಟೆಲಿನ ಹಿಂದಿನ ಗಲ್ಲಿಯಲ್ಲಿ ಒಂದು ಸಂಗೀತ ಶಾಲೆ. ಪಿಟೀಲು ಕಲಿಯುತ್ತೇನೆಂದು ಹೋದೆ. ಪಿಟೀಲುಗಳೆಲ್ಲ ಜಾಣ ಮಕ್ಕಳ ಪಾಲಾಗಿದ್ದವು. ಮೂಲೆಯಲ್ಲಿ ಒಂದು ಚೆಲೋ ಮಾತ್ರ ಬಿದ್ದಿತ್ತು, ಬಸ್ಸಿನಲ್ಲಿ ಯಾರಿಗೂ ಒಯ್ಯಲಾಗದ್ದಕ್ಕೆ. ನೋಡಿ, ಮಹಾನ್ ಕಲಾವಿದರಿಗೆ ವಾದ್ಯ ಕನಸಿನಲ್ಲಿ ಕಾಣಿಸಿಕೊಳ್ಳುತ್ತದಂತೆ. ನನ್ನದು ಊಟ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದದ್ದು.

ಅಲ್ಲಿನ ಮಾಸ್ತರರು ಮುದುಕರು, ಬೆಳಿಗ್ಗೆಯೂ ಟೈ ಕಟ್ಟುವವರು, ಹೊಗಳಲು ಕಲಿತೇ ಇರದವರು. ನಾನು ಕಮಾನು ಎಳೆದರೆ, “ಲಕ್ಡೀ ಕಾಟ್ತೀ ಕ್ಯಾ ಬೇಟೀ?” ಎಂದು ಕೇಳುತ್ತಿದ್ದರು. ಕಟ್ಟಿಗೆ ಕೊಯ್ಯುತ್ತಿದ್ದುದು ನಿಜ. ಆದರೆ ಮೊದಲ ದಿನ, ಎಲ್ಲಕ್ಕಿಂತ ದಪ್ಪ ತಂತಿಯ ಮೇಲೆ ನನ್ನ ಕಮಾನು ಅಕಸ್ಮಾತ್ತಾಗಿ ನೆಟ್ಟಗೆ ಹೋಯಿತು. ಒಂದು ಸ್ವರ ಎದ್ದಿತು. ಎದೆಯೆಲುಬು, ಹಲ್ಲು, ಕುರ್ಚಿ ಎಲ್ಲ ಅದರೊಡನೆ ನಡುಗಿದವು. ಅದು ನನ್ನ ದನಿ. ಯಾವುದನ್ನು ಮುಚ್ಚಿಡೆಂದು ಕೈಗೆ ತಾಳ ಕೊಟ್ಟಿದ್ದರೋ ಅದೇ ದನಿ, ಹೊರಗೆ ಬಂದು ನಿಂತು, ಚೆಂದವಾಗಿತ್ತು. ಆ ಕ್ಷಣದ ಬಗ್ಗೆ ನಾನು ತಮಾಷೆ ಮಾಡಲಾರೆ.

ಮಾಸ್ತರರು ಊರು ಬಿಟ್ಟು ಮಗಳ ಬಳಿಗೆ ಹೋಗುವಾಗ ಆ ಚೆಲೋವನ್ನು ನನಗೇ ಕೊಟ್ಟರು. “ಇನ್ನು ಇದನ್ನು ಯಾರೂ ಕೇಳುವುದಿಲ್ಲ,” ಎಂದರು. ಅದು ಕೊಡುಗೆಯೋ ಕೀಳ್ಮಾತೋ ಇವತ್ತಿಗೂ ತಿಳಿದಿಲ್ಲ.

ಅದನ್ನು ಊರಿಗೆ ತಂದ ಕಥೆ ಹೇಳಿಬಿಡುತ್ತೇನೆ. ಬಸ್ಸಿನಲ್ಲಿ ಕಂಡಕ್ಟರು ಅದರ ಪೆಟ್ಟಿಗೆಗೆ ಎರಡು ಸುತ್ತು ಹಾಕಿ, “ಇದಕ್ಕ ಟಿಕೀಟ್ ಆಗ್ತದ,” ಎಂದ.

“ಇದು ಸಾಮಾನರೀ.”

“ಸಾಮಾನಿದ್ರ ಮ್ಯಾಲ ಹಾಕ್ರಿ.”

“ಮ್ಯಾಲ ಹಾಕಿದ್ರ ಒಡೀತದ.”

“ಒಡೀತದಂದ್ರ ಮನುಷ್ಯಾ ಇದ್ದಂಗಾತು. ತಗೋರಿ ಟಿಕೀಟ್.”

ತೆಗೆದುಕೊಂಡೆ. ಟಿಕೀಟು ಇದ್ದದ್ದಕ್ಕೆ ಚೆಲೋವನ್ನು ಕಿಟಕಿಯ ಪಕ್ಕ ಕೂಡಿಸಿದೆ. ಬಿಳಿ ಅಂಗಿಯ ಪುಢಾರಿಯೊಬ್ಬ ಹತ್ತಿ ಅದನ್ನು ಎಬ್ಬಿಸೆಂದ. ನಾನು ಟಿಕೀಟು ತೋರಿಸಿದೆ. “ಕಟ್ಟಿಗಿಗೆ ಸೀಟದ, ಮನುಷ್ಯಾಗಿಲ್ಲ! ಎಂಥಾ ಕಾಲ ಬಂತು,” ಎಂದು ಜಹೀರಾಬಾದಿನ ತನಕ ನಿಂತುಕೊಂಡೇ ಇಡೀ ಬಸ್ಸಿಗೆ ಸಾರಿದ. ನನ್ನ ವೃತ್ತಿಜೀವನದಲ್ಲಿ ಚೆಲೋಗೆ ಸಿಕ್ಕ ಮೊದಲ ಮರ್ಯಾದೆ ಅದು; ಕೊಟ್ಟವನು ಸಾರಿಗೆ ಸಂಸ್ಥೆಯ ಕಂಡಕ್ಟರು.

ಮನೆಯಲ್ಲಿ ಬಾರಿಸಲು ಕೂತರೆ ನಮ್ಮ ಕಲ್ಲಿನ ನೆಲ ನುಣುಪು. ಮೊಳೆ ಜಾರಿ ಚೆಲೋ ಅಂಗಡಿಯ ಕಡೆಗೆ ಓಡುತ್ತಿತ್ತು. ಅಪ್ಪ ಒಂದು ಖಾಲಿ ಗೋಣಿಚೀಲ ಮಡಿಸಿ ಅದರಡಿಗೆ ಹಾಸಿದ. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿ, ಒಳಗೆ ಹೋದಳು. ಆ ಭಾನುವಾರ ದೊಡ್ಡಪ್ಪ ಬಂದರು. ನಾನು ಹುರುಪಿನಿಂದ ಬಾರಿಸಿ ತೋರಿಸಿದೆ. ಅವರು ಕೇಳಲಿಲ್ಲ, ನೋಡಿದರು.

“ಏನಿದು ಕೂಡೋ ರೀತಿ? ಎದುರಿಗಿ ಹಿರ್‍ಯಾರು ಕೂತೀವಿ, ಶರಮ್ ಇಲ್ಲೇನು?”

“ಹಿಂಗ ಕೂತ್ರೇನೇ ಬಾರಿಸಾಕ ಬರ್ತದ್ರೀ ದೊಡ್ಡಪ್ಪ.”

“ಹಂಗಿದ್ರ ಬಾರಿಸೋದೇ ಬ್ಯಾಡ. ಹೆಣ್ಮಕ್ಕಳಿಗಿ ಹಾರ್ಮೋನಿಯಂ ಅದ, ವೀಣಾ ಅದ. ಅಡ್ಡ ಇಟ್ಟು ಬಾರಿಸೋವು ಬಿಟ್ಟು ಈ ಉದ್ದಂದು ಯಾಕ ಹಿಡಿದಿ?”

ಆವರೆಗೆ ನನಗೆ ತಿಳಿದಿರಲಿಲ್ಲ, ಸಂಗೀತದಲ್ಲಿ ಎರಡೇ ಬಗೆ: ಅಡ್ಡ ಮತ್ತು ಉದ್ದ. ತಂಬೂರಿ ಉದ್ದವಲ್ಲವೇ ಎಂದು ಕೇಳಿದೆ. ಉತ್ತರವಾಗಿ ಅವರು ಅಪ್ಪನನ್ನು ನೋಡಿದರು. ಅಪ್ಪ ಗೋಣಿಚೀಲವನ್ನು ನೋಡಿದ.

ನನಗೆ ಗಂಡು ಗೊತ್ತು ಮಾಡುವ ಕೆಲಸವನ್ನೂ ದೊಡ್ಡಪ್ಪನೇ ಕೈಗೆತ್ತಿಕೊಂಡರು. ಹುಡುಗ ಕಲಬುರಗಿಯಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕ. ಹೆಣ್ಣು ನೋಡುವ ಶಾಸ್ತ್ರ ಕಲ್ಯಾಣದ ದೊಡ್ಡಪ್ಪನ ಮನೆಯಲ್ಲಿ. ಹುಡುಗಿಗೆ ಏನೋ ಸಂಗೀತ ಬರುತ್ತದೆಂದು ಆ ಕಡೆಯವರಿಗೆ ಮೊದಲೇ ಸುದ್ದಿ ಮುಟ್ಟಿತ್ತು. ವಾದ್ಯವನ್ನೂ ತರಬೇಕೆಂದು ಹುಡುಗನ ಅಪೇಕ್ಷೆ. ದೊಡ್ಡಪ್ಪ ನನ್ನನ್ನು ಒಳಗೆ ಕರೆದು ಎಚ್ಚರಿಸಿದರು: “ಬಾರಿಸು, ಆದ್ರ ಒಂದ್ ಬದೀಗಿ ಕೂತು ಬಾರಿಸು. ಸ್ಕೂಟರ್ ಹಿಂದ ಹೆಣ್ಮಕ್ಕಳು ಕೂಡ್ತಾರಲ್ಲ, ಹಂಗ.”

ನಿಮ್ಮ ಮನೆಯಲ್ಲಿ ಚೆಲೋ ಇದ್ದರೆ ಒಮ್ಮೆ ಪ್ರಯತ್ನಿಸಿ. ಎರಡೂ ಮೊಳಕಾಲು ಎಡಕ್ಕೆ, ಚೆಲೋ ಬಲಕ್ಕೆ, ಕುತ್ತಿಗೆ ಎಲ್ಲಿಗೆ ಹೋಗಬೇಕೆಂದು ಅದಕ್ಕೇ ಗೊತ್ತಿಲ್ಲ. ಮೊದಲ ಎಳೆತಕ್ಕೆ ಕಮಾನು ಚೂಡಾದ ತಟ್ಟೆಗೆ ಬಡಿದು, ಹುಡುಗನ ಸೋದರತ್ತೆಯ ಮಡಿಲಿನ ತುಂಬ ಅವಲಕ್ಕಿ ಚೆಲ್ಲಿತು. ಎರಡನೆಯ ಎಳೆತಕ್ಕೆ ಹೊರಗೆ ಮಲಗಿದ್ದ ನಾಯಿ ಎದ್ದು ಹೋಯಿತು. ನಾನು ಕಮಾನು ಇಳಿಸಿದೆ. ಎದುರಿಗಿದ್ದ ಮುಖಗಳನ್ನು ನೋಡಿದೆ. ಇವರೆದುರು ಕೆಟ್ಟದಾಗಿ ಬಾರಿಸಿ ಒಳ್ಳೆಯವಳೆನ್ನಿಸಿಕೊಳ್ಳಬೇಕೆ ಎನ್ನಿಸಿತು. ಸೀರೆಯ ನೆರಿಗೆ ಅಗಲಿಸಿ, ನೆಟ್ಟಗೆ ಕೂತು, ಬರುವ ಹಾಗೆ ಬಾರಿಸಿದೆ. ಚೆನ್ನಾಗಿಯೇ ಬಂತು.

 ಹುಡುಗ ಫ್ಯಾನು ನೋಡುತ್ತಿದ್ದ. ಅವನ ಅತ್ತೆ ಸೆರಗೆಳೆದು ತನ್ನದೇ ಮೊಳಕಾಲುಗಳನ್ನು ಭದ್ರವಾಗಿ ಮುಚ್ಚಿಕೊಂಡಳು, ರೋಗ ಅಂಟೀತೆಂಬಂತೆ.

ನಾಲ್ಕಾರು ದಿನಕ್ಕೆ ಉತ್ತರ ಬಂತು: “ಹುಡುಗಿ ಚಲೋ ಇದ್ದಾಳ, ಕೂಡೋ ರೀತಿ ಬರೋಬ್ಬರಿಲ್ಲ.” ಆ ಅರ್ಥಶಾಸ್ತ್ರಜ್ಞ ಆಮೇಲೆ ಬೇರೆ ಕಡೆ ಮದುವೆಯಾದ. ಹೆಂಡತಿ ಬುಲೆಟ್ ಗಾಡಿ ಓಡಿಸುತ್ತಾಳೆಂದು ಕೇಳಿದ್ದೇನೆ. ದೇವರಿದ್ದಾನೆ.

ಆದರೆ ಆ ದಿನ ಚೆಲೋ ಕಲ್ಯಾಣದಲ್ಲೇ ಉಳಿಯಿತು. “ಲಗ್ನ ಆಗೋ ತನಕ ಇದು ನನ್ನ ಕಡೆ ಇರಲಿ,” ಎಂದು ದೊಡ್ಡಪ್ಪ ಬಾಗಿಲಲ್ಲಿ ಅಡ್ಡ ನಿಂತರು. ಅಪ್ಪ ನನ್ನ ಕೈ ಹಿಡಿದು ಬಸ್ಸು ಹತ್ತಿಸಿದ. ಅಷ್ಟರಲ್ಲೇ, ನಾನು ಹಾಕಿದ್ದ ಅರ್ಜಿಗೆ ಮುಂಬೈಯ ವಾದ್ಯವೃಂದದಿಂದ ನನಗೆ ಕರೆ ಬಂದಿತ್ತು, ಬಂದು ಬಾರಿಸಿ ತೋರಿಸು ಎಂದು. ದಿನ ಹತ್ತಿರವಾಗುತ್ತಿತ್ತು. ನಾನು ಅಂಗಡಿಯ ಹಿಂದೆ ತೊಗರಿಯ ಚೀಲದ ಮೇಲೆ ಕೂತು, ಮೊಳಕಾಲ ನಡುವೆ ಅಪ್ಪನ ಕೊಡೆ ನಿಲ್ಲಿಸಿ, ಅದರ ಕೋಲಿನ ಮೇಲೆ ಬೆರಳು ಆಡಿಸುತ್ತಿದ್ದೆ. ಕಾಳು ಕೊಳ್ಳಲು ಬಂದವರು, “ಮಗಳಿಗಿ ಏನಾಗ್ಯಾದ್ರೀ?” ಎಂದು ಅಪ್ಪನನ್ನು ಕೇಳುತ್ತಿದ್ದರು.

ಒಂದು ದಿನ ಪಕ್ಕದ ಮನೆಯ ಹೆಂಗಸು ಕಲ್ಯಾಣದಿಂದ ಬಂದವಳು, “ನಿಮ್ಮ ಭಾವನ ಅಂಗಡ್ಯಾಗ ಹಸರ ಸೀರಿ ಏನ್ ಚಂದ ಉಡಿಸ್ಯಾರವ್ವಾ! ಗೊಂಬಿನೂ ಭಾಳ ಮಜಬೂತದ, ಆದ್ರ ಅದಕ್ಕ ಕೈನೇ ಇಲ್ಲ,” ಎಂದು ಅವ್ವನಿಗೆ ಹೇಳಿದಳು.

ನಾನು ಕೊಡೆ ಕೆಳಗಿಟ್ಟೆ. ಮುಂದಿನ ಬಸ್ಸಿಗೇ ಹೋದೆ.

ಅಂಗಡಿಯ ಬಾಗಿಲಲ್ಲೇ ನಿಂತಿತ್ತು. ಹಸಿರು ಸೀರೆ, ಕೆಂಪು ಅಂಚು, ನೆರಿಗೆಗೆ ಗುಂಡುಪಿನ್ನು. ಬಿರಡೆಗಳ ಮೇಲೆ ಪ್ಲಾಸ್ಟಿಕ್ ಮಲ್ಲಿಗೆಯ ದಂಡೆ. ಅದರ ಮೇಲೆ ಸೆರಗು. ತಲೆ ಮುಚ್ಚಿದ ಮರ್ಯಾದಸ್ಥ ಚೆಲೋ. ಎದುರಿಗೆ ನಾಲ್ಕೈದು ಹೆಂಗಸರು ನಿಂತು ಅಂಚು ಮುಟ್ಟಿ ನೋಡುತ್ತಿದ್ದರು.

“ಏನ್ರೀ ಇದು ದೊಡ್ಡಪ್ಪ?”

“ಗೊಂಬಿ ಮುರಿದಿತ್ತು,” ಎಂದರು ಅವರು, ಸ್ವಲ್ಪವೂ ಅಳುಕದೆ. “ಇದರದು ನಡಾ ಬರೋಬ್ಬರಿ ಅದ. ಗಿರಾಕಿ ನಿಂತು ನೋಡಾಕತ್ತಾರ.”

ಯಾವುದನ್ನು ಹಿಡಿದು ಕೂಡುವುದೇ ಅಸಭ್ಯವೋ ಅದರ ಸೊಂಟವನ್ನು ಈ ಸಭ್ಯಸ್ಥರು ಹಾಡಹಗಲೇ ಮಾರಾಟಕ್ಕೆ ನಿಲ್ಲಿಸಿದ್ದರು. ನಾನು ದಂಡೆ ತೆಗೆದೆ, ಪಿನ್ನು ಕಿತ್ತೆ, ಸೀರೆ ಬಿಚ್ಚಿ ಮಡಿಸಿ ಹಣದ ಗಲ್ಲೆಯ ಮೇಲಿಟ್ಟೆ. ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆ ಜಾಗದಲ್ಲಿರಲಿಲ್ಲ. ಹುಡುಕಿದರೆ ಗಲ್ಲೆಯ ಮೇಲೆ, ರಸೀದಿಗಳು ಹಾರದ ಹಾಗೆ ಭಾರಕ್ಕೆ ಕೂತಿತ್ತು. ಅದನ್ನು ಎತ್ತಿಕೊಂಡೆ, ರಸೀದಿಗಳು ಹಾರಿದವು.

“ಯವ್ವಾ, ಆ ಸೀರಿ ಎಷ್ಟಕ್ಕ?” ಎಂದು ಒಬ್ಬಳು ನನ್ನನ್ನೇ ಕೇಳಿದಳು.

“ಸೀರಿ ಅವರದು, ಅವರನ್ನ ಕೇಳ್ರಿ. ಗೊಂಬಿ ನಂದು.”

“ಅದನ್ನ ತಗೊಂಡು ಹೊರಗ ಹ್ವಾದ್ರ ನಮ್ಮ ಹೊಸ್ತಲ ತುಳೀಬ್ಯಾಡ!” ದೊಡ್ಡಪ್ಪ ಕೂಗಿದರು.

“ಮನೀದೋ ಅಂಗಡೀದೋ?”

“ಎರಡೂ!”

ಹೋದೆ. ಇಷ್ಟು ಚುರುಕಾಗಿ ಮಾತಾಡಿದವಳು ಆಟೋದಲ್ಲಿ ಕೂತಮೇಲೆ ಬಸ್‌ಸ್ಟ್ಯಾಂಡಿನ ತನಕ ಅತ್ತೆ. ಚೆಲೋದ ಹೊಟ್ಟೆಯ ಮೇಲೆ ಗುಂಡುಪಿನ್ನು ಗೀರಿದ ಗೆರೆಗಳಿದ್ದವು. ಬೆರಳಿನಿಂದ ಉಜ್ಜಿದರೆ ಹೋಗುತ್ತವೆಯೇ ಎಂದು ಉಜ್ಜುತ್ತ ಉಜ್ಜುತ್ತ ಅತ್ತೆ.

ಮುಂಬೈಗೆ ಹೊರಟ ದಿನ ಅಪ್ಪ ಬಸ್ಸಿನ ತನಕ ಬಂದ. ಅಣ್ಣನ ವಿರುದ್ಧ ಒಂದು ಮಾತಾಡಲಿಲ್ಲ, ನನ್ನ ವಿರುದ್ಧವೂ ಆಡಲಿಲ್ಲ. ಬಸ್ಸು ಹೊರಡುವಾಗ ಮಡಿಸಿದ ಗೋಣಿಚೀಲವನ್ನು ಕಿಟಕಿಯಿಂದ ಒಳಗೆ ಕೊಟ್ಟ. “ಅಲ್ಲಿ ನೆಲ ಹ್ಯಾಂಗದೋ ಏನೋ,” ಎಂದ. ಅಪ್ಪನ ಬಂಡಾಯ ಅಷ್ಟೇ. ನನಗೆ ಸಾಕಾಯಿತು.

ಮುಂಬೈಯವರು ಬಹಳ ಸುಧಾರಿಸಿದವರೆಂದು ನೀವು ತಿಳಿಯಬಾರದು. ಪರೀಕ್ಷಿಸಲು ಕೂತಿದ್ದ ಮಹನೀಯರಲ್ಲಿ ಒಬ್ಬರು ನನ್ನ ಊರಿನ ಹೆಸರು ಕೇಳಿ, ಅದು ಪಾಕಿಸ್ತಾನದಲ್ಲಿದೆಯೇ ಎಂದರು. ನಾನು ಗೋಣಿಚೀಲ ಹಾಸಿದ್ದನ್ನು ಕಂಡು ಇನ್ನೊಬ್ಬರು ಕರವಸ್ತ್ರದೊಳಗೆ ನಕ್ಕರು. ಬಾರಿಸಿದ ಮೇಲೆ ನಗಲಿಲ್ಲ. ಹಿಂದಿನ ಸಾಲಿನ ಕಡೆಯ ಕುರ್ಚಿ ಕೊಟ್ಟರು. ಅಲ್ಲಿಂದ ಮುಂದಿನ ಸಾಲಿಗೆ ಬರುವಷ್ಟರಲ್ಲಿ ನನ್ನ ಯೌವನ ಮುಗಿಯಿತು.

ಹೊಟ್ಟೆಪಾಡಿಗೆ ಸಿನಿಮಾದ ರೆಕಾರ್ಡಿಂಗಿಗೂ ಹೋಗುತ್ತಿದ್ದೆ. ಅಲ್ಲಿ ಚೆಲೋ ಬೇಕಾದರೆ ಯಾರಾದರೂ ಸಾಯಬೇಕು. ತಾಯಿ ಸತ್ತರೆ ಮಂದ್ರದಲ್ಲಿ, ಪ್ರೇಯಸಿ ಸತ್ತರೆ ಸ್ವಲ್ಪ ಮೇಲೆ. ನಿರ್ದೇಶಕರು ಬಂದು, “ಇನ್ನೂ ಅಳಿಸಿ, ಇನ್ನೂ ಅಳಿಸಿ” ಎನ್ನುತ್ತಿದ್ದರು, ನಾನು ಈರುಳ್ಳಿಯೆಂಬಂತೆ. ಇನ್ನು ನಮ್ಮ ದೊಡ್ಡ ಸಭಾಂಗಣದ ರಸಿಕರು. ವಜ್ರದ ಓಲೆ ಹಾಕಿಕೊಂಡು ಬಂದು, ಒಂದೇ ಕೃತಿಯ ಎರಡು ಭಾಗಗಳ ನಡುವೆ ಚಪ್ಪಾಳೆ ತಟ್ಟಬಾರದೆಂಬ ಒಂದೇ ಒಂದು ಸಂಗತಿಯನ್ನು ಬಲ್ಲವರು. ತಿಳಿಯದೆ ತಟ್ಟಿದ ಪಾಪದವನನ್ನು ಅವರು ತಿರುಗಿ ನೋಡುವ ನೋಟ ಇದೆಯಲ್ಲ, ಅದು ಥೇಟು ನಮ್ಮ ದೊಡ್ಡಪ್ಪನದೇ. ಹೇಗೆ ಕೇಳಿದೆ ಎಂಬುದು ಇಬ್ಬರಿಗೂ ಮುಖ್ಯವಲ್ಲ. ಹೇಗೆ ಕೂತಿದ್ದೀ ಎಂಬುದೇ ಮುಖ್ಯ.

ಮದುವೆಯೂ ಆಯಿತು. ಗಂಡನಿಗೆ ಸಂಗೀತ ಏನೇನೂ ತಿಳಿಯದು, ತಿಳಿಯುತ್ತದೆಂದು ಹೇಳಿಕೊಳ್ಳುವುದೂ ಇಲ್ಲ. ಇಂಥ ಗುಣವಂತರು ಅಪರೂಪ.

ಹೀಗೆ ವರ್ಷಗಳು ಕಳೆದವು. ವಾದ್ಯವೃಂದದೊಂದಿಗೆ ಯುರೋಪಿಗೆ ಹೋಗಿಬಂದಾಗ ನನ್ನ ಫೋಟೋ ಪತ್ರಿಕೆಯಲ್ಲಿ ಬಂತು. ಆ ಫೋಟೋ ಎಲ್ಲ ಮೊಬೈಲುಗಳನ್ನು ಸುತ್ತಿ ಕಲ್ಯಾಣಕ್ಕೆ ತಲುಪಿತು. ಕೂಡಲೇ ನಮ್ಮವರಿಗೆ ಜ್ಞಾನೋದಯವಾಯಿತು. ಕಳೆದ ಬೇಸಿಗೆಯಲ್ಲಿ ಕಲ್ಯಾಣದಲ್ಲಿ ನನಗೆ ಸನ್ಮಾನ. ಸನ್ಮಾನ ಸಮಿತಿಯ ಅಧ್ಯಕ್ಷರು ಯಾರು? ನೀವು ಜಾಣರು. ನಮ್ಮ ದೊಡ್ಡಪ್ಪ.

ಹೋಗಬಾರದಿತ್ತು. ಹೋದೆ. ಆಸೆ ಯಾರನ್ನು ಬಿಟ್ಟಿದೆ? ಕರೆಯೋಲೆಯಲ್ಲಿ ನಾನು ‘ವಿಶ್ವವಿಖ್ಯಾತ ಪಿಟೀಲು ಗಾಯಕಿ’ ಆಗಿದ್ದೆ. ಹುಮನಾಬಾದಿಗೆ ಹೋಗಿ ಅವ್ವನನ್ನು ಕರೆದುಕೊಂಡು ಕಾರಿನಲ್ಲಿ ಕಲ್ಯಾಣಕ್ಕೆ ಹೋದೆ. ಅಪ್ಪ ತೀರಿಕೊಂಡ ಮೇಲೆ ಅಂಗಡಿಯನ್ನು ಅವ್ವನೇ ನಡೆಸುತ್ತಾಳೆ. ಗಲ್ಲೆಯ ಮೇಲೆ ಕೂತು ದಲ್ಲಾಳಿಗಳನ್ನು ಬೈಯುವುದರಲ್ಲಿ ಅವಳಿಗೀಗ ಒಳ್ಳೆಯ ಹೆಸರಿದೆ. ಆದರೂ ಭಾವ ಎದುರಿಗೆ ಬಂದರೆ ತಲೆಯ ಮೇಲೆ ಸೆರಗು ಎಳೆದು ಗೋಡೆಗೆ ಸರಿಯುತ್ತಾಳೆ. ಲಗ್ನವಾಗಿ ತವರೂರು ಬೇಮಳಖೇಡದಿಂದ ಬಂದ ದಿನದಿಂದ ಅವಳು ಅವರೊಡನೆ ನೇರ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಹೇಳಲೇಬೇಕಾದರೆ ನನಗೆ, “ನಿಮ್ಮ ದೊಡ್ಡಪ್ಪಗ ಹೇಳು, ಛಾ ಆರ್‍ತದ,” ಎನ್ನುವಳು.

ಭಾಷಣಗಳು ಬೆಳಿಗ್ಗೆ ಶುರುವಾಗಿ ಊಟದ ಹೊತ್ತಿಗೆ ಬಂದು ನಿಂತವು. ನನ್ನ 'ಕಂಠಮಾಧುರ್ಯ'ವನ್ನು ಒಬ್ಬರು ಹೊಗಳಿದರು. ನನ್ನನ್ನು ನೋಡಿ ಜಿಲ್ಲೆಯ ಹೆಣ್ಣುಮಕ್ಕಳು ಸಂಸ್ಕೃತಿ ಕಲಿಯಬೇಕೆಂದು ಇನ್ನೊಬ್ಬರು ಅಪ್ಪಣೆ ಕೊಡಿಸಿದರು. ಕಡೆಗೆ ದೊಡ್ಡಪ್ಪ ಮೈಕು ಹಿಡಿದರು. ವಯಸ್ಸಾಗಿದೆ, ದನಿಗೆ ಆಗಿಲ್ಲ.

“ಈಕಿ ಕಲೆಯನ್ನ ಮೊದಲು ಗುರುತು ಹಿಡಿದವ ಯಾರು? ನಾನು! ಈಕಿ ವಾದ್ಯಾನ ಜ್ವಾಪಾನ ಮಾಡಿ ಇಟ್ಟವ ಯಾರು? ನಾನು! ಇದೇ ಕಲ್ಯಾಣದಾಗ, ನನ್ನ ಅಂಗಡ್ಯಾಗ, ಆ ವಾದ್ಯಕ್ಕ ಸೀರಿ ಉಡಿಸಿ, ಹೂ ಮುಡಿಸಿ, ಲಕ್ಷ್ಮೀ ಹಂಗ ಮರ್ಯಾದಿ ಕೊಟ್ಟೇನಿ!”

ಜನ ಚಪ್ಪಾಳೆ ತಟ್ಟಿದರು. ಈ ಚಪ್ಪಾಳೆಯ ಕಡೆಗೆ ತಿರುಗಿ ಒಂದು ನೋಟ ಬೀರಲು ನನ್ನ ಮುಂಬೈಯ ವಜ್ರದ ಓಲೆಯವರು ಅಲ್ಲಿರಬೇಕಿತ್ತು.

ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಸಮಯ ಇಲ್ಲದ್ದರಿಂದ ಐದೇ ನಿಮಿಷ ಬಾರಿಸಬೇಕೆಂದು ನಿರೂಪಕ ವಿನಂತಿಸಿದ. ಅದೇ ಉಸಿರಿನಲ್ಲಿ ಊಟ ತಯಾರಿದೆಯೆಂದೂ ಸಾರಿದ. ಕುರ್ಚಿಗಳು ಕಿರುಗುಟ್ಟತೊಡಗಿದವು. ನಾನು ಶಾಲು ತೆಗೆದು ಪಕ್ಕದಲ್ಲಿಟ್ಟು, ಕುರ್ಚಿಯ ತುದಿಗೆ ಬಂದು, ಚೆಲೋ ನಿಲ್ಲಿಸಿ, ಕಮಾನು ಎತ್ತಿದೆ. ಮೊದಲ ಸ್ವರ ಇನ್ನೂ ಹೊರಟಿಲ್ಲ. ದೊಡ್ಡಪ್ಪ ಎದ್ದು ಬಂದರು. ಆ ಶಾಲು ಎತ್ತಿ, ಕ್ಯಾಮೆರಾಗಳೆದುರು, ನನ್ನ ಮೊಳಕಾಲುಗಳ ಮೇಲೆ ಹೊದಿಸಿ, ಅಂಚು ಸರಿಮಾಡಿದರು. ಬಗ್ಗಿ ಕಿವಿಯಲ್ಲಿ, “ಮಂದಿ ಇದ್ದಾರವ್ವಾ,” ಎಂದರು, ಅಕ್ಕರೆಯಿಂದ.

ನನ್ನ ಕೈ ಗಾಳಿಯಲ್ಲೇ ನಿಂತಿತು. ಲೋಕದ ಎಷ್ಟೋ ವೇದಿಕೆಗಳ ಮೇಲೆ ಬಾರಿಸಿ ಬಂದ ಹೆಂಗಸು ನಾನು. ಆದರೂ ಆ ಕ್ಷಣದಲ್ಲಿ ಮುಖ ಸುಟ್ಟುಹೋಗುತ್ತಿತ್ತು. ನಾಚಿಕೆ ನಿಜವಾಗಿಯೂ ಆಗಿತ್ತು, ಅದೇ ಅವಮಾನ.

ಆಗ ಅವ್ವ ಮೊದಲ ಸಾಲಿನಿಂದ ಎದ್ದಳು. ಮೊಳಕಾಲು ನೋವು, ಮೆಟ್ಟಿಲು ಹತ್ತಲು ಹೊತ್ತು ಹಿಡಿಯಿತು. ತಲೆಯ ಮೇಲಿನ ಸೆರಗು ತಲೆಯ ಮೇಲೇ ಇತ್ತು. ನೇರ ಬಂದು ನನ್ನ ಮೊಳಕಾಲ ಮೇಲಿನ ಶಾಲು ಎಳೆದು ತೆಗೆದಳು, ಕೊಡವಿದಳು, ದೊಡ್ಡಪ್ಪನ ಎರಡೂ ಭುಜದ ಮೇಲೆ ಹೊದಿಸಿ ಕುತ್ತಿಗೆಯ ತನಕ ಬಿಗಿಯಾಗಿ ಸುತ್ತಿದಳು.

“ಭಾವಾರ, ನಿಮಗೇ ಥಂಡಿ ಹತ್ತಿದ್ದು ಕಾಣ್ತದ. ನೀವೇ ಹೊಚ್ಚಿಕೊಂಡು ಕೂಡ್ರಿ.”

ಆ ಬಿಸಿಲಿನಲ್ಲಿ ಕಲ್ಯಾಣದ ಕಲ್ಲುಗಳೂ ಬೆವರುತ್ತಿದ್ದವು. ಮೈಕು ತೆರೆದೇ ಇತ್ತು. ಮಾತು ಹಿಂದಿನ ಸಾಲಿನ ತನಕ ಹೋಯಿತು. ಮೊದಲು ಯಾರೋ ಹೆಂಗಸು ನಕ್ಕಳು, ಆಮೇಲೆ ಇಡೀ ಚಪ್ಪರ ನಕ್ಕಿತು.  ಫೋಟೋದವನು ಫೋಟೋ ತೆಗೆಯುತ್ತಿದ್ದ, ಶಾಲು ಕಿತ್ತೆಸೆಯುವಂತಿಲ್ಲ. ದೊಡ್ಡಪ್ಪ ಹೊದ್ದುಕೊಂಡೇ ಹತ್ತಿರ ಸಿಕ್ಕ ಕುರ್ಚಿಯಲ್ಲಿ ಕೂತರು. ಊಟದ ಕಡೆಗೆ ಎದ್ದು ನಿಂತಿದ್ದವರ ಮೇಲೆ ಅವ್ವ ದಲ್ಲಾಳಿಗಳ ಮೇಲೆ ಬಿಡುವ ದನಿ ಬಿಟ್ಟಳು: “ಕೂಡ್ರಿ ಎಲ್ಲಾರೂ! ಊಟ ಎಲ್ಲಿಗೂ ಓಡಿ ಹೋಗಂಗಿಲ್ಲ. ನನ್ನ ಮಗಳು ಬಾರಿಸಾಕತ್ತಾಳ.”

ಕೂತರು. ಅವ್ವ ಖಾಲಿ ಬಿದ್ದಿದ್ದ ಅಧ್ಯಕ್ಷರ ಕುರ್ಚಿಯಲ್ಲಿ ಕೂತಳು.

ನಾನು ಐದು ನಿಮಿಷದ್ದನ್ನು ಬಿಟ್ಟು, ಚೆಲೋ ಒಂದಕ್ಕೇ ಬರೆದ ಒಂದು ಹಳೆಯ ದೀರ್ಘ ಕೃತಿಯನ್ನು ಎತ್ತಿಕೊಂಡೆ. ಎಲ್ಲ ಭಾಗಗಳನ್ನೂ ಬಾರಿಸಿದೆ, ಪುನರಾವರ್ತನೆಗಳ ಸಮೇತ. ಅದರಲ್ಲಿ ಕಲೆಯೆಷ್ಟಿತ್ತು ಸೇಡೆಷ್ಟಿತ್ತು ಎಂದು ಕೇಳಬೇಡಿ. ಒಬ್ಬರೂ ಏಳಲಿಲ್ಲ. ಅವ್ವನ ಎದುರು ಏಳುವ ಧೈರ್ಯ ಯಾರಿಗಿತ್ತು?

ಊಟ ಮುಗಿಸಿ ಹೊರಟೆವು. ಚೆಲೋ ಮುಂದಿನ ಸೀಟಿನಲ್ಲಿ, ನಾವಿಬ್ಬರೂ ಹಿಂದೆ. ದಾರಿಯಲ್ಲಿ ರಾಜೇಶ್ವರವೆಂಬ ಊರು ಹತ್ತಿರವಾಯಿತು. ಜೀವಮಾನದಲ್ಲಿ ಮೊದಲ ಸಲ ಅವಳು ನನ್ನನ್ನು ಪೂರ್ತಿ ಕೇಳಿದ್ದಳು. ನನಗೆ ತಡೆಯಲಾಗಲಿಲ್ಲ.

“ಹ್ಯಾಂಗಿತ್ತವ್ವಾ?”

“ಬದನೀಕಾಯಿ ಚಲೋ ಆಗಿತ್ತು. ಭಜ್ಜಿಗಿ ಉಪ್ಪು ಕಮ್ಮಿ.”

“ಊಟ ಅಲ್ಲ. ನಾ ಬಾರಿಸಿದ್ದು.”

ಅವ್ವ ನನ್ನ ಮುಖ ನೋಡಿದಳು. “ಖರೇ ಹೇಳ್ಲೇನು? ಸಿಟ್ಟಿಗೇಳಂಗಿಲ್ಲಲ್ಲ?”

“ಇಲ್ಲ, ಹೇಳು.”

“ಭಾಳ ಉದ್ದ ಆತವ್ವಾ. ಎಲ್ಲಾ ಒಂದೇ ಥರ ಕೇಳಾಕತ್ತಿತ್ತು. ನಡುವ ನನಗ ತೂಕಡಿಕಿ ಬಂದು ಬೀಳೋದು ಒಂದೇ ಬಾಕಿ ಇತ್ತು.”

“ಮತ್ತ ಅಷ್ಟೂ ಮಂದೀನ ಯಾಕ ಕೂಡಿಸಿದಿ?”

“ಅಯ್ಯ,” ಎಂದಳು ಅವ್ವ, ನನ್ನಷ್ಟು ದಡ್ಡಿಯನ್ನು ಕಂಡೇ ಇಲ್ಲವೆಂಬಂತೆ. “ನನಗ ಸೇರೋದು ಬಿಡೋದು ಬ್ಯಾರೆ. ನೀ ಬಾರಿಸೋದು ಬ್ಯಾರೆ.”

ಹಾಗೆಂದು ಕಾಲು ಚಾಚಿ, ಸೀಟಿಗೆ ತಲೆಯಾನಿಸಿ, ಹುಮನಾಬಾದ್ ಬರುವ ತನಕ ಗೊರಕೆ ಹೊಡೆದಳು. ಅವಳ ಗೊರಕೆ ಬಲು ದಪ್ಪ. ಕಾರಿನ ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು.